ನೆರಳನ್ನು ಅಳೆದು ಭೂಮಿಯನ್ನು ಅಳೆಯೋಣ

ಮಕ್ಕಳೇ, "ಮಧ್ಯಾಹ್ನ ಸರಿಯಾಗಿ ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗ ನಮ್ಮ ನೆರಳು ಕಾಲ ಕೆಳಗೇ ಅಡಗಿರುತ್ತದೆ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಮನೆಯಲ್ಲಿ ಹಿರಿಯರು ಹೇಳಿರಬಹುದು, ಗೆಳೆಯರು ಹೇಳಿರಬಹುದು. ಇದು ನಿಜವೇ? ನಿಮ್ಮಲ್ಲಿ ಎಷ್ಟು ಜನ ಹನ್ನೆರಡು ಗಂಟೆಗೆ ಹೊರಗೆ ನಿಂತು ನೆರಳನ್ನು ನೋಡಿದ್ದೀರಿ?

ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಹಣವೂ ಬೇಡ. ಒಂದು ನೇರವಾದ ಕೋಲು, ಶಾಲೆಯ ಅಂಗಳ ಮತ್ತು ಬಿಸಿಲು ಸಾಕು. ಈ ಕೋಲಿನಿಂದ ನೀವು ಉತ್ತರ ದಿಕ್ಕನ್ನು ಗುರುತಿಸಬಹುದು. ನಿಮ್ಮ ಊರಿನ ನಿಜವಾದ ಮಧ್ಯಾಹ್ನ ಎಷ್ಟು ಹೊತ್ತಿಗೆ ಎಂದು ಹೇಳಬಹುದು. ನಿಮ್ಮ ಊರಿನ ಅಕ್ಷಾಂಶವನ್ನು ಕಂಡುಹಿಡಿಯಬಹುದು. ಇನ್ನೊಂದು ಶಾಲೆಯ ಮಕ್ಕಳು ಜೊತೆಗೂಡಿದರೆ ಇಡೀ ಭೂಮಿಯ ಸುತ್ತಳತೆಯನ್ನೂ ಲೆಕ್ಕ ಹಾಕಬಹುದು. ಬನ್ನಿ, ಒಂದೊಂದಾಗಿ ಮಾಡಿ ನೋಡೋಣ.

ಬೇಕಾಗುವ ಸಾಮಗ್ರಿಗಳು

ಒಂದೂಕಾಲು ಮೀಟರ್ ಉದ್ದದ ನೇರವಾದ ಬಿದಿರಿನ ಕೋಲು, ಅಳತೆಯ ಟೇಪು, ದಾರ, ಒಂದು ಚಿಕ್ಕ ಕಲ್ಲು, ಚಿಕ್ಕ ಗೂಟಗಳು ಅಥವಾ ಮೊಳೆಗಳು, ಸೀಮೆಸುಣ್ಣ, ಕೋನಮಾಪಕ, ಅಳತೆಪಟ್ಟಿ, ಸರಿಯಾದ ಸಮಯ ತೋರಿಸುವ ಗಡಿಯಾರ, ಒಂದು ನೋಟ್ ಪುಸ್ತಕ.

ಎಚ್ಚರಿಕೆ: ಸೂರ್ಯನನ್ನು ಎಂದೂ ನೇರವಾಗಿ ನೋಡಬೇಡಿ. ಕಣ್ಣಿಗೆ ಗುಣವಾಗದಂಥ ಹಾನಿಯಾಗುತ್ತದೆ. ಈ ಚಟುವಟಿಕೆಯಲ್ಲಿ ನಾವು ನೆಲವನ್ನು ಮಾತ್ರ ನೋಡುತ್ತೇವೆ. ಬಿಸಿಲಿನಲ್ಲಿ ನಿಲ್ಲುವಾಗ ತಲೆಗೆ ಟೋಪಿ ಅಥವಾ ಬಟ್ಟೆ ಇರಲಿ. ಗುರುತು ಮಾಡಿ ನೆರಳಿಗೆ ಬಂದುಬಿಡಿ.

ಕೋಲನ್ನು ನೆಡುವುದು

ಬೆಳಿಗ್ಗೆಯಿಂದ ಸಂಜೆಯವರೆಗೆ ಮರದ ಅಥವಾ ಕಟ್ಟಡದ ನೆರಳು ಬೀಳದ ಸಮತಟ್ಟಾದ ಜಾಗ ಆರಿಸಿ. ನೆಲ ಮಟ್ಟವಾಗಿದೆಯೇ ಎಂದು ನೋಡಲು ಒಂದು ಅಗಲವಾದ ತಟ್ಟೆಯನ್ನಿಟ್ಟು ನೀರು ತುಂಬಿಸಿ. ನೀರು ಒಂದೇ ಕಡೆಗೆ ವಾಲಿದರೆ ಆ ಕಡೆ ನೆಲ ತಗ್ಗು ಎಂದರ್ಥ. ಅಲ್ಲಿ ಮಣ್ಣು ಹಾಕಿ ಸರಿಮಾಡಿ.

ನೆಲದ ಮೇಲೆ ಸರಿಯಾಗಿ 100 ಸೆಂ.ಮೀ. ಕಾಣುವಂತೆ ಕೋಲನ್ನು ನೆಡಿ. 100 ಏಕೆ ಎಂದರೆ ಮುಂದಿನ ಲೆಕ್ಕಗಳು ಸುಲಭವಾಗುತ್ತವೆ. ಕೋಲು ನೆಟ್ಟಗಿದೆಯೇ? ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವುದನ್ನು ನೋಡಿದ್ದೀರಲ್ಲವೇ? ನೀವೂ ಹಾಗೆಯೇ ದಾರಕ್ಕೆ ಕಲ್ಲು ಕಟ್ಟಿ ಕೋಲಿನ ಪಕ್ಕದಲ್ಲಿ ಹಿಡಿಯಿರಿ. ಎರಡು ಬೇರೆ ಬೇರೆ ಕಡೆಗಳಿಂದ ನೋಡಿ. ಎರಡೂ ಕಡೆಯಿಂದ ಕೋಲು ಮತ್ತು ದಾರ ಜೊತೆಯಾಗಿ ಇಳಿದಿದ್ದರೆ ಕೋಲು ಲಂಬವಾಗಿದೆ.

ನಮ್ಮ ದೇಶದ ಹಿಂದಿನ ಖಗೋಳಜ್ಞರು ಇಂತಹ ಕೋಲನ್ನು 'ಶಂಕು' ಎಂದು ಕರೆದರು. ಸೂರ್ಯಸಿದ್ಧಾಂತ ಎಂಬ ಗ್ರಂಥದಲ್ಲಿ 12 ಅಂಗುಲ ಎತ್ತರದ ಶಂಕುವಿನ ಲೆಕ್ಕಗಳಿವೆ. ನಾವೂ ನಮ್ಮ ಕೋಲನ್ನು ಶಂಕು ಎಂದೇ ಕರೆಯೋಣ.

ಚಟುವಟಿಕೆ 1: ದಿಕ್ಕು ಕಂಡುಹಿಡಿಯುವುದು

ಬೆಳಿಗ್ಗೆ ಸುಮಾರು 10.30ಕ್ಕೆ ಶಂಕುವಿನ ನೆರಳಿನ ತುದಿಯಲ್ಲಿ ಒಂದು ಗೂಟ ನೆಡಿ. ಶಂಕುವಿನ ಬುಡಕ್ಕೆ ದಾರ ಕಟ್ಟಿ, ಆ ಗೂಟದವರೆಗಿನ ಉದ್ದವನ್ನೇ ತ್ರಿಜ್ಯವಾಗಿಟ್ಟುಕೊಂಡು ನೆಲದ ಮೇಲೆ ವೃತ್ತ ಎಳೆಯಿರಿ.

ಅನಂತರ ಪ್ರತಿ 15 ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸಿ, ಪಕ್ಕದಲ್ಲಿ ಸಮಯ ಬರೆಯಿರಿ. ನೆರಳು ಮೊದಲು ಗಿಡ್ಡವಾಗುತ್ತಾ ವೃತ್ತದ ಒಳಗೆ ಸರಿಯುತ್ತದೆ. ಮಧ್ಯಾಹ್ನದ ನಂತರ ಮತ್ತೆ ಉದ್ದವಾಗುತ್ತಾ ಸುಮಾರು 2 ಗಂಟೆಯ ಆಚೀಚೆ ವೃತ್ತದ ಇನ್ನೊಂದು ಕಡೆಯನ್ನು ಮುಟ್ಟುತ್ತದೆ. ಮುಟ್ಟಿದ ಜಾಗದಲ್ಲಿ ಎರಡನೆಯ ಗೂಟ ನೆಡಿ.

ಎರಡು ಗೂಟಗಳನ್ನು ಸೇರಿಸಿ ಗೆರೆ ಎಳೆಯಿರಿ. ಇದೇ ಪೂರ್ವ-ಪಶ್ಚಿಮ ರೇಖೆ. ಬೆಳಿಗ್ಗೆಯ ಗೂಟ ಪಶ್ಚಿಮದ ಕಡೆಗೂ ಮಧ್ಯಾಹ್ನದ ಗೂಟ ಪೂರ್ವದ ಕಡೆಗೂ ಇರುತ್ತದೆ. ಗೆರೆಯ ಮಧ್ಯಬಿಂದುವನ್ನು ಗುರುತಿಸಿ ಅದನ್ನು ಶಂಕುವಿನ ಬುಡಕ್ಕೆ ಸೇರಿಸಿದರೆ ಉತ್ತರ-ದಕ್ಷಿಣ ರೇಖೆ ಸಿಗುತ್ತದೆ.

ಏಕೆ ಹೀಗೆ? ಸೂರ್ಯ ಮಧ್ಯಾಹ್ನಕ್ಕೆ ಮುಂಚೆ ಎಷ್ಟು ಹೊತ್ತು ಏರುತ್ತಾನೋ ಮಧ್ಯಾಹ್ನದ ನಂತರ ಅಷ್ಟೇ ಹೊತ್ತು ಅದೇ ರೀತಿ ಇಳಿಯುತ್ತಾನೆ. ಆದ್ದರಿಂದ ಬೆಳಗಿನ ಮತ್ತು ಮಧ್ಯಾಹ್ನದ ಸಮ ಉದ್ದದ ನೆರಳುಗಳು ಉತ್ತರ-ದಕ್ಷಿಣ ರೇಖೆಯ ಎರಡು ಪಕ್ಕಗಳಲ್ಲಿ ಸಮಾನ ಕೋನದಲ್ಲಿರುತ್ತವೆ. ನೀವು ಪಾಠದಲ್ಲಿ ಕಲಿತ ಸಮಮಿತಿ ಇಲ್ಲಿ ನಿಮ್ಮ ಅಂಗಳದಲ್ಲೇ ಕಾಣುತ್ತದೆ.

ಈ ವಿಧಾನ ಬಹಳ ಹಳೆಯದು. ಯಜ್ಞವೇದಿಕೆಗಳನ್ನು ಕಟ್ಟಲು ಬೇಕಾದ ರೇಖಾಗಣಿತವನ್ನು ಹೇಳುವ ಕಾತ್ಯಾಯನ ಶುಲ್ಬಸೂತ್ರದಲ್ಲಿ ಇದರ ವಿವರಣೆ ಇದೆ. ದಿಕ್ಸೂಚಿ ಇಲ್ಲದ ಕಾಲದಲ್ಲಿ ಹಗ್ಗ ಮತ್ತು ಕೋಲಿನಿಂದಲೇ ದಿಕ್ಕನ್ನು ಗೊತ್ತುಮಾಡುತ್ತಿದ್ದರು.

ಚಟುವಟಿಕೆ 2: ನಿಮ್ಮ ಊರಿನ ಮಧ್ಯಾಹ್ನ ಎಷ್ಟು ಹೊತ್ತಿಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮರುದಿನ 12 ಗಂಟೆಗೆ ಸರಿಯಾಗಿ ಶಂಕುವಿನ ಬಳಿ ನಿಲ್ಲಿ. ನೆರಳು ಉತ್ತರ-ದಕ್ಷಿಣ ರೇಖೆಯ ಮೇಲೆ ಬಿದ್ದಿದೆಯೇ? ಇಲ್ಲ. ಇನ್ನೂ ಪಶ್ಚಿಮದ ಕಡೆಗೇ ಇದೆ. ಕಾಯಿರಿ. ನೆರಳು ಸರಿಯುತ್ತಾ ಬಂದು ರೇಖೆಯ ಮೇಲೆ ಕೂರುವ ಕ್ಷಣವನ್ನು ಗಡಿಯಾರದಲ್ಲಿ ನೋಡಿ ಬರೆದುಕೊಳ್ಳಿ. ಆ ಕ್ಷಣವೇ ನಿಮ್ಮ ಊರಿನ ನಿಜವಾದ ಮಧ್ಯಾಹ್ನ. ಆ ದಿನದ ಅತಿ ಗಿಡ್ಡ ನೆರಳೂ ಅದೇ.

ನೆರಳು ಅತಿ ಗಿಡ್ಡವಾಗುವ ಕ್ಷಣವನ್ನು ಉದ್ದ ಅಳೆದೇ ಏಕೆ ಹಿಡಿಯಬಾರದು ಎಂದು ನೀವು ಕೇಳಬಹುದು. ಅಳೆದು ನೋಡಿ. ಮಧ್ಯಾಹ್ನದ ಹೊತ್ತಿಗೆ ಹಲವು ನಿಮಿಷ ಉದ್ದ ಬದಲಾಗಿರುವುದೇ ತಿಳಿಯುವುದಿಲ್ಲ. ಆದರೆ ನೆರಳಿನ ತುದಿ ಪಕ್ಕಕ್ಕೆ ನಿಮಿಷಕ್ಕೆ ಸುಮಾರು 4ರಿಂದ 5 ಮಿ.ಮೀ. ಸರಿಯುತ್ತಿರುತ್ತದೆ. ಆದ್ದರಿಂದ ರೇಖೆಯನ್ನು ದಾಟುವ ಕ್ಷಣವನ್ನು ಹಿಡಿಯುವುದು ಸುಲಭ.

ಬೆಂಗಳೂರಿನಲ್ಲಿ ಈ ಕ್ಷಣ ಸರಾಸರಿ 12 ಗಂಟೆ 20 ನಿಮಿಷಕ್ಕೆ ಬರುತ್ತದೆ. ಏಕೆ ತಡ? ಭಾರತದ ಎಲ್ಲ ಗಡಿಯಾರಗಳೂ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ. ಈ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಹಾಗಾದರೆ 1 ಡಿಗ್ರಿಗೆ ಎಷ್ಟು ಸಮಯ?

24 × 60 ÷ 360 = 4 ನಿಮಿಷ

ಎರಡು ರೇಖಾಂಶಗಳ ವ್ಯತ್ಯಾಸ 4.9 ಡಿಗ್ರಿ. 4.9 × 4 = 19.6, ಅಂದರೆ ಸುಮಾರು 20 ನಿಮಿಷ. ಸೂರ್ಯ ಮಿರ್ಜಾಪುರದ ರೇಖೆಯನ್ನು ದಾಟಿದ 20 ನಿಮಿಷಗಳ ನಂತರ ಬೆಂಗಳೂರಿಗೆ ಬರುತ್ತಾನೆ. ನಮ್ಮ ರಾಜ್ಯದ ಒಳಗೇ ಈ ವ್ಯತ್ಯಾಸ ಕಾಣುತ್ತದೆ. ಕೋಲಾರದಲ್ಲಿ ಮಧ್ಯಾಹ್ನವಾದ ಸುಮಾರು 16 ನಿಮಿಷಗಳ ನಂತರ ಕಾರವಾರದಲ್ಲಿ ಮಧ್ಯಾಹ್ನವಾಗುತ್ತದೆ.

'ಸರಾಸರಿ' ಎಂದು ಹೇಳಿದ್ದನ್ನು ಗಮನಿಸಿದಿರಾ? ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ಣ ವೃತ್ತವಲ್ಲ. ಭೂಮಿಯ ಅಕ್ಷವೂ ಓರೆಯಾಗಿದೆ. ಈ ಎರಡು ಕಾರಣಗಳಿಂದ ಮಧ್ಯಾಹ್ನದ ಕ್ಷಣ ವರ್ಷವಿಡೀ ಹಿಂದೆ ಮುಂದೆ ಆಗುತ್ತದೆ. ಬೆಂಗಳೂರಿನಲ್ಲಿ ನವೆಂಬರ್ ಮೊದಲ ವಾರದಲ್ಲಿ 12.04ರ ಸುಮಾರಿಗೇ ಮಧ್ಯಾಹ್ನವಾದರೆ ಫೆಬ್ರವರಿ ಮಧ್ಯಭಾಗದಲ್ಲಿ 12.34ರ ಸುಮಾರಿಗೆ ಆಗುತ್ತದೆ. ತಿಂಗಳಿಗೊಮ್ಮೆ ಬರೆದಿಟ್ಟರೆ ಇದನ್ನು ನೀವೇ ಕಾಣಬಹುದು.

ನೆರಳಿಲ್ಲದ ದಿನ

ನಿಜವಾದ ಮಧ್ಯಾಹ್ನ ಸಿಕ್ಕಿತು. ಆಗಲಾದರೂ ಸೂರ್ಯ ನೆತ್ತಿಯ ಮೇಲೆ ಇದ್ದಾನೆಯೇ? ಹೆಚ್ಚಿನ ದಿನಗಳಲ್ಲಿ ಇಲ್ಲ. ಶಂಕುವಿಗೆ ಆಗಲೂ ನೆರಳು ಇರುತ್ತದೆ.

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದರಿಂದ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುವ ಜಾಗ ವರ್ಷವಿಡೀ ಬದಲಾಗುತ್ತದೆ. ಡಿಸೆಂಬರ್ 21 ಅಥವಾ 22ರಂದು ಅದು ಮಕರ ಸಂಕ್ರಾಂತಿ ವೃತ್ತದ ಮೇಲಿರುತ್ತದೆ. ಅಲ್ಲಿಂದ ಉತ್ತರಕ್ಕೆ ಸರಿಯುತ್ತಾ ಮಾರ್ಚ್ 20 ಅಥವಾ 21ಕ್ಕೆ ಸಮಭಾಜಕ ವೃತ್ತಕ್ಕೆ, ಜೂನ್ 21ರ ಸುಮಾರಿಗೆ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಬಂದು ಮತ್ತೆ ಹಿಂದಿರುಗುತ್ತದೆ. ಕರ್ನಾಟಕ ಈ ದಾರಿಯ ನಡುವೆ ಇರುವುದರಿಂದ ನಮ್ಮ ಪ್ರತಿಯೊಂದು ಊರಿಗೂ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡದಲ್ಲೇ ಮರೆಯಾಗುತ್ತದೆ. ಇದನ್ನು 'ಶೂನ್ಯ ನೆರಳಿನ ದಿನ' ಎನ್ನುತ್ತಾರೆ. ದೆಹಲಿ ಕರ್ಕಾಟಕ ವೃತ್ತದಿಂದ ಉತ್ತರಕ್ಕಿರುವುದರಿಂದ ಅಲ್ಲಿಯ ಮಕ್ಕಳಿಗೆ ಇದು ಎಂದೂ ಕಾಣಸಿಗದು.

ಕೆಲವು ಊರುಗಳ ಶೂನ್ಯ ನೆರಳಿನ ದಿನಗಳು ಇಲ್ಲಿವೆ. ಒಂದು ದಿನ ಆಚೀಚೆ ಆಗಬಹುದು.

ಚಾಮರಾಜನಗರ: ಏಪ್ರಿಲ್ 21, ಆಗಸ್ಟ್ 21
ಬೆಂಗಳೂರು: ಏಪ್ರಿಲ್ 24, ಆಗಸ್ಟ್ 18
ಶಿವಮೊಗ್ಗ: ಏಪ್ರಿಲ್ 27, ಆಗಸ್ಟ್ 15
ಬಳ್ಳಾರಿ: ಮೇ 1, ಆಗಸ್ಟ್ 11
ಕಲಬುರಗಿ: ಮೇ 9, ಆಗಸ್ಟ್ 3
ಬೀದರ್: ಮೇ 11, ಆಗಸ್ಟ್ 1

ಏಪ್ರಿಲ್, ಮೇ ತಿಂಗಳ ದಿನಗಳು ಬೇಸಿಗೆ ರಜೆಯಲ್ಲಿ ಬರುತ್ತವೆ. ಮನೆಯ ಅಂಗಳದಲ್ಲಿಯೇ ನೋಡಬಹುದು. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಆದರೆ ಮೋಡದ ಕಾಟವೂ ಇರುತ್ತದೆ. ಶಿವಮೊಗ್ಗದ ಮಕ್ಕಳಿಗೆ ಒಂದು ವಿಶೇಷವಿದೆ. ಸ್ವಾತಂತ್ರ್ಯ ದಿನದಂದು ಧ್ವಜಾರೋಹಣ ಮುಗಿಸಿ ಮಧ್ಯಾಹ್ನದವರೆಗೆ ಕಾದರೆ, ಬಿಸಿಲಿದ್ದರೆ, ಧ್ವಜಕಂಬವೇ ಶಂಕುವಾಗುತ್ತದೆ!

ಈ ಎರಡು ದಿನಗಳ ನಡುವೆ ಇನ್ನೊಂದು ಸೋಜಿಗ ನಡೆಯುತ್ತದೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುವ ಬದಲು ದಕ್ಷಿಣಕ್ಕೆ ಬೀಳುತ್ತದೆ. ಮೇ ಮಧ್ಯಭಾಗದಿಂದ ಜುಲೈ ಕೊನೆಯವರೆಗೆ ಇಡೀ ಕರ್ನಾಟಕದಲ್ಲಿ ಹೀಗೆಯೇ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಪರೀಕ್ಷಿಸಿ ನೋಡಿ.

ಚಟುವಟಿಕೆ 3: ನೆರಳಿನಿಂದ ಕೋನ

ಈಗ ಗಣಿತದ ಸರದಿ. ಮಧ್ಯಾಹ್ನದ ನೆರಳಿನ ಉದ್ದವನ್ನು ಅಳೆಯಿರಿ. ಬೆಂಗಳೂರಿನಲ್ಲಿ ಮಾರ್ಚ್ 21ರ ಸುಮಾರಿಗೆ 100 ಸೆಂ.ಮೀ. ಶಂಕುವಿನ ನೆರಳು ಸುಮಾರು 23 ಸೆಂ.ಮೀ. ಇರುತ್ತದೆ.

ಇದನ್ನು ಹಾಳೆಯ ಮೇಲೆ 5ಕ್ಕೆ 1ರ ಪ್ರಮಾಣದಲ್ಲಿ ಬರೆಯಿರಿ. 100 ಸೆಂ.ಮೀ. ಶಂಕುವಿಗೆ 20 ಸೆಂ.ಮೀ. ಉದ್ದದ ನಿಂತ ಗೆರೆ. ಅದರ ಬುಡದಿಂದ ಲಂಬಕೋನದಲ್ಲಿ, 23 ಸೆಂ.ಮೀ. ನೆರಳಿಗೆ 4.6 ಸೆಂ.ಮೀ. ಮಲಗಿದ ಗೆರೆ. ಎರಡು ತುದಿಗಳನ್ನು ಸೇರಿಸಿದರೆ ತ್ರಿಭುಜವಾಗುತ್ತದೆ. ಓರೆ ಗೆರೆಯೇ ಸೂರ್ಯನ ಕಿರಣ. ತ್ರಿಭುಜದ ಮೇಲ್ತುದಿಯ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಸುಮಾರು 13 ಡಿಗ್ರಿ ಬರುತ್ತದೆ. ಸೂರ್ಯ ನೆತ್ತಿಯಿಂದ ಅಷ್ಟು ಡಿಗ್ರಿ ವಾಲಿದ್ದಾನೆ ಎಂದರ್ಥ. ಚಿತ್ರ ದೊಡ್ಡದಾದಷ್ಟೂ ಕೋನ ಸರಿಯಾಗಿ ಸಿಗುತ್ತದೆ. ಆದ್ದರಿಂದ ಪುಟ್ಟ ಚಿತ್ರ ಬರೆಯಬೇಡಿ.

ನಿಮ್ಮ ಭೂಪಟದಲ್ಲಿ ಬೆಂಗಳೂರಿನ ಅಕ್ಷಾಂಶ ನೋಡಿ. ಅದೂ ಸುಮಾರು 13 ಡಿಗ್ರಿ! ಮಾರ್ಚ್ 21ರ ಸುಮಾರಿಗೆ ಸೂರ್ಯ ಸಮಭಾಜಕ ವೃತ್ತದ ನೆತ್ತಿಯ ಮೇಲಿರುತ್ತಾನೆ. ಆ ದಿನ ನಿಮ್ಮ ಊರಿನಲ್ಲಿ ಸೂರ್ಯ ಎಷ್ಟು ವಾಲಿದ್ದಾನೋ ಅಷ್ಟೇ ಡಿಗ್ರಿ ನಿಮ್ಮ ಊರು ಸಮಭಾಜಕ ವೃತ್ತದಿಂದ ದೂರದಲ್ಲಿದೆ. ಸೆಪ್ಟೆಂಬರ್ 22 ಅಥವಾ 23ರಂದೂ ಹೀಗೆಯೇ.

ವರ್ಷವಿಡೀ ತಾಳ್ಮೆಯಿಂದ ಅಳೆದವರಿಗೆ ಇನ್ನೂ ಒಂದು ಬಹುಮಾನವಿದೆ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ಸುಮಾರಿಗೆ ನೆರಳು 74 ಸೆಂ.ಮೀ., ಉತ್ತರಕ್ಕೆ. ಕೋನ 36.4 ಡಿಗ್ರಿ. ಜೂನ್ 21ರ ಸುಮಾರಿಗೆ ನೆರಳು 18.5 ಸೆಂ.ಮೀ., ದಕ್ಷಿಣಕ್ಕೆ. ಕೋನ 10.5 ಡಿಗ್ರಿ. ಉತ್ತರವನ್ನು ಧನ, ದಕ್ಷಿಣವನ್ನು ಋಣ ಎಂದುಕೊಳ್ಳಿ. ಈ ಎರಡರ ಸರಾಸರಿ ಎಷ್ಟು?

(36.4 − 10.5) ÷ 2 = 12.95

ಇದು ಬೆಂಗಳೂರಿನ ಅಕ್ಷಾಂಶ. ಈಗ ಎರಡು ಕೋನಗಳ ನಡುವಿನ ಅಂತರದ ಅರ್ಧ ತೆಗೆಯಿರಿ.

(36.4 + 10.5) ÷ 2 = 23.45

ಇದು ಭೂಮಿಯ ಅಕ್ಷದ ಓರೆ! ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ ಇಪ್ಪತ್ತಮೂರೂವರೆ ಡಿಗ್ರಿ ನಿಮ್ಮ ಅಂಗಳದ ಕೋಲಿನಿಂದಲೇ ಹೊರಬಂತು. ಜೂನ್‌ನಲ್ಲಿ ಮಳೆ ಮೋಡವಿದ್ದರೆ ನಿರಾಶರಾಗಬೇಡಿ. ಜೂನ್ 21ರ ಹಿಂದುಮುಂದಿನ ಒಂದು ವಾರ ಸೂರ್ಯನ ಎತ್ತರ ಬಹಳ ಕಡಿಮೆ ಬದಲಾಗುತ್ತದೆ. ಆ ಎರಡು ವಾರಗಳಲ್ಲಿ ಯಾವ ದಿನ ಬಿಸಿಲು ಬಂದರೂ ಅಳೆಯಬಹುದು.

ಎರಟೊಸ್ತನೀಸನ ಉಪಾಯ

ಕ್ರಿ.ಪೂ. 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ ಎರಟೊಸ್ತನೀಸ್ ಎಂಬ ಗ್ರೀಕ್ ವಿದ್ವಾಂಸನಿದ್ದ. ಅಲ್ಲಿಯ ದೊಡ್ಡ ಗ್ರಂಥಾಲಯಕ್ಕೆ ಅವನು ಮುಖ್ಯಸ್ಥನಾಗಿದ್ದ. ದಕ್ಷಿಣದ ಸಯೀನ್ ಎಂಬ ಊರಿನಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲಿನ ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆಂದು ಅವನಿಗೆ ತಿಳಿದಿತ್ತು. ಇಂದಿನ ಆಸ್ವಾನ್ ನಗರವೇ ಅಂದಿನ ಸಯೀನ್. ಅದೇ ದಿನ ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ಸೂರ್ಯ ನೆತ್ತಿಯಿಂದ ಒಂದು ವೃತ್ತದ 50ನೆಯ ಒಂದು ಭಾಗದಷ್ಟು, ಅಂದರೆ 7.2 ಡಿಗ್ರಿ ವಾಲಿದ್ದ.

ಈ ಕೋನ ಏಕೆ ಬಂತು? ಒಂದು ಹಳೆಯ ರಬ್ಬರ್ ಚೆಂಡು, ಎರಡು ಗುಂಡುಸೂಜಿ ತೆಗೆದುಕೊಳ್ಳಿ. ಸ್ವಲ್ಪ ದೂರದಲ್ಲಿ ಎರಡು ಸೂಜಿಗಳನ್ನೂ ಚೆಂಡಿಗೆ ನೆಟ್ಟಗೆ ಚುಚ್ಚಿ. ಬಿಸಿಲಿನಲ್ಲಿ ಹಿಡಿದು ಒಂದು ಸೂಜಿಯ ನೆರಳು ಮಾಯವಾಗುವಂತೆ ಚೆಂಡನ್ನು ತಿರುಗಿಸಿ. ಆಗ ಇನ್ನೊಂದಕ್ಕೆ ನೆರಳು ಇದ್ದೇ ಇರುತ್ತದೆ. ಅದೇ ಎರಡು ಸೂಜಿಗಳನ್ನು ಚಪ್ಪಟೆ ರಟ್ಟಿಗೆ ಚುಚ್ಚಿ ನೋಡಿ. ಒಂದರ ನೆರಳು ಮಾಯವಾದರೆ ಇನ್ನೊಂದರದೂ ಮಾಯವಾಗುತ್ತದೆ.

ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿದ್ದಾನೆ. ಆದ್ದರಿಂದ ಅವನ ಕಿರಣಗಳು ಭೂಮಿಗೆ ಸಮಾಂತರವಾಗಿ ಬರುತ್ತವೆ ಎನ್ನಬಹುದು. ಎರಡು ಊರಿನ ಶಂಕುಗಳನ್ನು ಭೂಮಿಯ ಒಳಕ್ಕೆ ಚಾಚಿದರೆ ಅವು ಕೇಂದ್ರದಲ್ಲಿ ಸೇರುತ್ತವೆ. ಸಮಾಂತರ ರೇಖೆಗಳನ್ನು ಒಂದು ರೇಖೆ ಕತ್ತರಿಸಿದಾಗ ಪರ್ಯಾಯ ಕೋನಗಳು ಸಮ ಎಂದು ನೀವು ಕಲಿತಿದ್ದೀರಿ, ಅಥವಾ ಮುಂದೆ ಕಲಿಯುತ್ತೀರಿ. ಆದ್ದರಿಂದ ನೆರಳಿನಿಂದ ಸಿಕ್ಕ ಕೋನವೂ ಭೂಮಿಯ ಕೇಂದ್ರದಲ್ಲಿ ಆ ಎರಡು ಊರುಗಳ ನಡುವಿನ ಕೋನವೂ ಒಂದೇ.

ಎರಡು ಊರುಗಳ ನಡುವಿನ ದೂರ 5,000 ಸ್ಟೇಡಿಯಂ ಎಂದು ಎರಟೊಸ್ತನೀಸ್ ತೆಗೆದುಕೊಂಡ. ಸ್ಟೇಡಿಯಂ ಅಂದಿನ ಗ್ರೀಕರ ಉದ್ದದ ಮಾನ. ವೃತ್ತದ 50ನೆಯ ಭಾಗ 5,000 ಆದರೆ ಇಡೀ ಸುತ್ತಳತೆ 50 × 5,000 = 2,50,000 ಸ್ಟೇಡಿಯಂ. ಒಂದು ಸ್ಟೇಡಿಯಂ ಇಂದಿನ ಎಷ್ಟು ಮೀಟರ್ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಉಪಾಯ ಮಾತ್ರ ಅಚ್ಚುಕಟ್ಟಾದದ್ದು. ಭೂಮಿಯನ್ನು ಸುತ್ತದೆಯೇ ಅದನ್ನು ಅಳೆಯಬಹುದು ಎಂದು ಅವನು ತೋರಿಸಿದ.

ಚಟುವಟಿಕೆ 4: ಎರಡು ಶಾಲೆ ಸೇರಿ ಭೂಮಿಯ ಅಳತೆ

ಈ ಕೆಲಸಕ್ಕೆ ನಮ್ಮ ರಾಜ್ಯದ ಆಕಾರ ಬಹಳ ಅನುಕೂಲವಾಗಿದೆ. ಭೂಪಟ ನೋಡಿ. ಉತ್ತರದ ತುದಿಯಲ್ಲಿ ಬೀದರ್, ದಕ್ಷಿಣದ ತುದಿಯಲ್ಲಿ ಚಾಮರಾಜನಗರ. ಎರಡರ ರೇಖಾಂಶಗಳೂ ಬಹಳ ಹತ್ತಿರ. ಅಂದರೆ ಒಂದು ಊರು ಹೆಚ್ಚುಕಡಿಮೆ ಇನ್ನೊಂದರ ನೇರ ಉತ್ತರಕ್ಕಿದೆ. ಎರಡರ ನಡುವಿನ ನೇರ ದೂರ ಸುಮಾರು 665 ಕಿ.ಮೀ. ಇಲ್ಲಿ ಬಸ್ಸಿನ ದಾರಿಯ ದೂರವನ್ನು ಬಳಸಬಾರದು. ರಸ್ತೆ ಸುತ್ತಿಬಳಸಿ ಹೋಗುತ್ತದೆ. ಭೂಪಟದ ಮೇಲೆ ಅಳತೆಪಟ್ಟಿಯಿಟ್ಟು ಅಳತೆಮಾನದಿಂದ ಲೆಕ್ಕ ಹಾಕಿ.

ಎರಡು ಊರಿನ ಶಾಲೆಗಳು ಒಂದೇ ದಿನ ತಮ್ಮ ತಮ್ಮ ಮಧ್ಯಾಹ್ನದಲ್ಲಿ 100 ಸೆಂ.ಮೀ. ಶಂಕುವಿನ ನೆರಳನ್ನು ಅಳೆಯಬೇಕು. ಡಿಸೆಂಬರ್ 21ರ ಸುಮಾರಿಗೆ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಆ ದಿನ ಬೀದರಿನಲ್ಲಿ ನೆರಳು ಸುಮಾರು 88 ಸೆಂ.ಮೀ. ಇರುತ್ತದೆ, ಚಾಮರಾಜನಗರದಲ್ಲಿ 71 ಸೆಂ.ಮೀ. ಒಂದೇ ಸೂರ್ಯ, ಒಂದೇ ಎತ್ತರದ ಕೋಲು, ಒಂದೇ ರಾಜ್ಯ, ಆದರೆ ನೆರಳಿನಲ್ಲಿ ಒಂದು ಗೇಣಿಗೆ ಹತ್ತಿರದಷ್ಟು ವ್ಯತ್ಯಾಸ! ಚಿತ್ರ ಬರೆದು ಕೋನ ತೆಗೆದರೆ ಬೀದರಿಗೆ 41.4 ಡಿಗ್ರಿ, ಚಾಮರಾಜನಗರಕ್ಕೆ 35.4 ಡಿಗ್ರಿ ಆಗಬೇಕು. ವ್ಯತ್ಯಾಸ 6 ಡಿಗ್ರಿ.

360 ÷ 6 = 60
60 × 665 = 39,900 ಕಿ.ಮೀ.

ಧ್ರುವಗಳ ಮೂಲಕ ಹಾದುಹೋಗುವ ಭೂಮಿಯ ಸುತ್ತಳತೆ ಸುಮಾರು 40,008 ಕಿ.ಮೀ. ಎಷ್ಟು ಹತ್ತಿರ ಬಂತು ನೋಡಿ!

ನಿಮ್ಮ ಊರು ಬೇರೆಯಾಗಿದ್ದರೂ ಚಿಂತೆಯಿಲ್ಲ. ನಿಮ್ಮ ಊರಿನಿಂದ ನೇರ ಉತ್ತರಕ್ಕೋ ದಕ್ಷಿಣಕ್ಕೋ ದೂರದಲ್ಲಿರುವ ಒಂದು ಊರನ್ನು ಭೂಪಟದಲ್ಲಿ ಹುಡುಕಿ. ನಿಮ್ಮ ಶಿಕ್ಷಕರ ಮೂಲಕ ಅಲ್ಲಿಯ ಶಾಲೆಗೆ ಪತ್ರ ಬರೆಯಿರಿ ಅಥವಾ ದೂರವಾಣಿಯಲ್ಲಿ ಮಾತನಾಡಿ. ಊರುಗಳು ದೂರವಾದಷ್ಟೂ ಉತ್ತರ ಚೆನ್ನಾಗಿ ಬರುತ್ತದೆ.

ಅಂದ ಹಾಗೆ, ಭೂಪಟದಲ್ಲಿರುವ ದೂರಗಳೂ ಆಕಾಶದಿಂದ ಉದುರಿದ್ದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸರ್ವೇಕ್ಷಕ ಬೆಂಗಳೂರಿನ ಬಳಿ ಸರಪಳಿ ಹಿಡಿದು ಹಲವು ಮೈಲಿ ಉದ್ದದ ನೇರ ರೇಖೆಯೊಂದನ್ನು ಅಳೆದ. ಇಂತಹ ರೇಖೆಗಳನ್ನು ಆಧಾರವಾಗಿಟ್ಟು, ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತಾ ಭಾರತದ ಉದ್ದಗಲವನ್ನು ಅಳೆದರು. ಅಲ್ಲಿಯೂ ನಿಮ್ಮ ಪುಸ್ತಕದ ತ್ರಿಭುಜವೇ ಕೆಲಸ ಮಾಡಿತು.

ನಿಮ್ಮ ಉತ್ತರ ಬೇರೆ ಬಂದರೆ?

ಈಗ ಬಹಳ ಮುಖ್ಯವಾದ ಮಾತು. ಮೇಲೆ ಕೊಟ್ಟ ಅಂಕಿಗಳು ನಿಮಗೆ ಸರಿಯಾಗಿ ಹಾಗೆಯೇ ಸಿಗುವುದಿಲ್ಲ. ಕೋನದ ವ್ಯತ್ಯಾಸ 6ರ ಬದಲು 5 ಡಿಗ್ರಿ ಬಂದರೆ ಭೂಮಿಯ ಸುತ್ತಳತೆ 47,880 ಕಿ.ಮೀ. ಆಗುತ್ತದೆ. 7 ಡಿಗ್ರಿ ಬಂದರೆ 34,200 ಕಿ.ಮೀ. ಒಂದೇ ಒಂದು ಡಿಗ್ರಿ ತಪ್ಪಿದರೆ ಸಾವಿರಾರು ಕಿಲೋಮೀಟರ್ ವ್ಯತ್ಯಾಸ!

ಆಗ ಏನು ಮಾಡುತ್ತೀರಿ? "ಪುಸ್ತಕದಲ್ಲಿ 40,000 ಇದೆ, ನಮ್ಮದು 47,880 ಬಂತು, ನೆರಳಿನ ಉದ್ದವನ್ನು ಸ್ವಲ್ಪ ತಿದ್ದಿ ಬರೆದುಬಿಡೋಣ" ಎಂದು ಯಾರಾದರೂ ಹೇಳಬಹುದು. ಹಾಗೆ ಮಾಡಲೇಬೇಡಿ. ತಿದ್ದಿದ ಅಂಕಿಯಿಂದ ಉತ್ತರ ಸರಿಯಾಗಿ ಕಾಣಬಹುದು, ಆದರೆ ನೀವು ಏನನ್ನೂ ಅಳೆದಂತಾಗಲಿಲ್ಲ. ಪುಸ್ತಕದ ಉತ್ತರವನ್ನು ನಕಲು ಮಾಡಿದಂತಾಯಿತು ಅಷ್ಟೆ. ಕಂಡದ್ದನ್ನು ಕಂಡಂತೆ ಬರೆಯಿರಿ. ಅನಂತರ ಏಕೆ ಹೀಗಾಯಿತು ಎಂದು ಹುಡುಕಿ. ಈ ಹುಡುಕಾಟದಲ್ಲೇ ವಿಜ್ಞಾನ ಇದೆ.

ಹುಡುಕಬೇಕಾದ ಕಡೆಗಳು ಇವು:

1. ಶಂಕು ವಾಲಿತ್ತೇ? ತುದಿ ಉತ್ತರಕ್ಕೆ 5 ಸೆಂ.ಮೀ. ವಾಲಿದರೆ ನೆರಳಿನ ತುದಿಯೂ ಸುಮಾರು ಅಷ್ಟೇ ಸರಿಯುತ್ತದೆ. ಶಂಕುವಿನ ಮೇಲ್ತುದಿಯಿಂದ ದಾರ ಇಳಿಬಿಟ್ಟು, ಕಲ್ಲು ಮುಟ್ಟುವ ಬಿಂದುವಿನಿಂದ ಅಳೆದರೆ ಈ ತೊಂದರೆ ಕಡಿಮೆಯಾಗುತ್ತದೆ.

2. ನೆಲ ಇಳಿಜಾರಾಗಿತ್ತೇ? ಮತ್ತೆ ತಟ್ಟೆಯ ನೀರನ್ನು ಕೇಳಿ.

3. ನೆರಳಿನ ತುದಿ ಸ್ಪಷ್ಟವಾಗಿತ್ತೇ? ತುದಿ ಯಾವಾಗಲೂ ಸ್ವಲ್ಪ ಮಸುಕಾಗಿರುತ್ತದೆ. ಸೂರ್ಯ ಒಂದು ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆಯಂತೆ ಕಾಣುತ್ತಾನೆ. ಅದರಿಂದಲೇ ಈ ಮಸುಕು. ಇದಕ್ಕೊಂದು ಉಪಾಯವಿದೆ. ರಟ್ಟಿನ ಚೂರಿಗೆ ಮೊಳೆಯಿಂದ ಚಿಕ್ಕ ರಂಧ್ರ ಮಾಡಿ ಶಂಕುವಿನ ತುದಿಗೆ ಅಡ್ಡವಾಗಿ ಅಂಟಿಸಿ. ರಟ್ಟಿನ ನೆರಳಿನ ನಡುವೆ ಸುಮಾರು ಒಂದು ಸೆಂ.ಮೀ. ಅಗಲದ ಬೆಳಕಿನ ಚುಕ್ಕೆ ಕಾಣುತ್ತದೆ. ಅದು ಸೂರ್ಯನ ಬಿಂಬ! ಅದರ ಮಧ್ಯವನ್ನು ಗುರುತಿಸಿ. ಆಗ ಎತ್ತರವನ್ನು ರಂಧ್ರದವರೆಗೆ, ನೆರಳನ್ನು ರಂಧ್ರದ ನೇರ ಕೆಳಗಿನ ಬಿಂದುವಿನಿಂದ ಅಳೆಯಬೇಕು.

4. ಒಬ್ಬರೇ ಅಳೆದಿರಾ? ಐದು ಗುಂಪು ಮಾಡಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳದೆ ಅಳೆಯಿರಿ. 72, 74, 75, 73, 76 ಸೆಂ.ಮೀ. ಬಂತೆಂದುಕೊಳ್ಳೋಣ. ಮೊತ್ತ 370, ಸರಾಸರಿ 74. ಕೆಲವರದು ಹೆಚ್ಚು, ಕೆಲವರದು ಕಡಿಮೆ. ಸರಾಸರಿಯಲ್ಲಿ ಆ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಒಂದು ಗುಂಪಿಗೆ ಮಾತ್ರ 84 ಬಂದರೆ ಅದನ್ನು ಗುಟ್ಟಾಗಿ ಅಳಿಸಬೇಡಿ. ಅವರ ಶಂಕುವನ್ನು, ಟೇಪನ್ನು, ಗಡಿಯಾರವನ್ನು ಪರೀಕ್ಷಿಸಿ ಕಾರಣ ಬರೆಯಿರಿ.

ನೋಟ್ ಪುಸ್ತಕದಲ್ಲಿ ದಿನಾಂಕ, ಸಮಯ, ಆಕಾಶದ ಸ್ಥಿತಿ, ನೆರಳಿನ ಉದ್ದ, ದಿಕ್ಕು, ಅಳೆದವರ ಹೆಸರು ಎಂಬ ಆರು ಅಂಕಣ ಮಾಡಿ. ತಪ್ಪು ಬರೆದರೆ ರಬ್ಬರಿನಿಂದ ಅಳಿಸದೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಈ ವರ್ಷ ನೀವು ಬರೆದದ್ದು ಮುಂದಿನ ವರ್ಷದ ತರಗತಿಗೆ ಉಪಯೋಗವಾಗುತ್ತದೆ.

ಯೋಚಿಸಿ ಉತ್ತರಿಸಿ

1. ಆಗಸ್ಟ್ 10ರಂದು ಬೀದರಿನ ಮಧ್ಯಾಹ್ನದ ನೆರಳು ಸುಮಾರು 4 ಸೆಂ.ಮೀ., ಉತ್ತರಕ್ಕೆ. ಚಾಮರಾಜನಗರದ್ದು ಸುಮಾರು 6 ಸೆಂ.ಮೀ., ದಕ್ಷಿಣಕ್ಕೆ. ಕೋನಗಳು 2.4 ಮತ್ತು 3.6 ಡಿಗ್ರಿ. ಈಗ ಕೋನಗಳನ್ನು ಕಳೆಯಬೇಕೋ, ಕೂಡಬೇಕೋ? ಏಕೆ?

2. ಮಂಗಳೂರಿನ ರೇಖಾಂಶ ಸುಮಾರು 74.85 ಡಿಗ್ರಿ. ಅಲ್ಲಿ ಸರಾಸರಿ ಎಷ್ಟು ಗಂಟೆಗೆ ಮಧ್ಯಾಹ್ನವಾಗುತ್ತದೆ?

3. 50 ಸೆಂ.ಮೀ. ಶಂಕುವಿನ ನೆರಳು 37 ಸೆಂ.ಮೀ. ಇದ್ದಾಗ, ಅದರ ಪಕ್ಕದಲ್ಲಿರುವ ಧ್ವಜಕಂಬದ ನೆರಳು 4 ಮೀ. 44 ಸೆಂ.ಮೀ. ಇದೆ. ಕಂಬ ಹತ್ತದೆಯೇ ಅದರ ಎತ್ತರ ಹೇಳಿ.

ಉತ್ತರಗಳು: 1. ಕೂಡಬೇಕು. ಸೂರ್ಯ ಎರಡು ಊರುಗಳ ನಡುವಿನ ನೆತ್ತಿಯ ಮೇಲಿದ್ದಾನೆ, ಆದ್ದರಿಂದ ನೆರಳುಗಳು ಎದುರು ದಿಕ್ಕಿಗಿವೆ. ಮೊತ್ತ ಮತ್ತೆ 6 ಡಿಗ್ರಿಯೇ! 2. ಸುಮಾರು 12 ಗಂಟೆ 31 ನಿಮಿಷಕ್ಕೆ. 3. 6 ಮೀಟರ್.

ಇನ್ನು ಮುಂದೆ ಯಾರಾದರೂ "ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ" ಎಂದರೆ ಜಗಳವಾಡಬೇಡಿ. ಅವರನ್ನು ನಿಮ್ಮ ಶಂಕುವಿನ ಬಳಿಗೆ ಕರೆದುಕೊಂಡು ಹೋಗಿ, ಕೈಗೆ ಟೇಪು ಕೊಡಿ.